ಗೊರಟು ನೆಟ್ಟರೆ ಅದೇ ಮಾವು ಬರುತ್ತದೆಯೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಹೊಳೆಯ ದಂಡೆಯಲ್ಲಿ ಅಜ್ಜನ ಕಾಲದ ಅಪ್ಪೆಮಿಡಿ ಮರ ಇದೆ. ಎರಡು ಮಳೆಗಾಲದಿಂದ ದಡ ಕುಸಿದು ಬೇರು ಹೊರಗೆ ಬಂದಿದೆ, ಇನ್ನೆಷ್ಟು ವರ್ಷ ನಿಲ್ಲುತ್ತದೋ ಗೊತ್ತಿಲ್ಲ. ಅದರ ಗೊರಟು ನೆಟ್ಟರೆ ಅದೇ ಪರಿಮಳದ ಮಿಡಿ ಸಿಗುತ್ತದೆಯೇ? ಪುತ್ತೂರಿನ ನೆಂಟರು ನೆಕ್ಕರೆ ಮಾವನ್ನು ಗೊರಟಿನಿಂದಲೇ ಬೆಳೆಸಿದ್ದಾರೆ. ತಾಯಿಮರದಂಥದ್ದೇ ಕಾಯಿ ಬಿಟ್ಟಿದೆ. ಒಂದೇ ಗೊರಟಿನಲ್ಲಿ ಮೂರು ಸಸಿ ಎದ್ದಿದ್ದವಂತೆ. ಇನ್ನೊಂದು ವಿಷಯ: ಮನೆ ಹತ್ತಿರದ ಬಾದಾಮಿ ಮಾವಿನ ಪಕ್ಕದಲ್ಲೇ ಒಂದು ಕಾಟುಮಾವಿನ ಮರ ಇದೆ. ಅದರ ಪರಾಗ ಬಿದ್ದು ಬಾದಾಮಿ ಹುಳಿಯಾಗುತ್ತದೆ, ಕಡಿಸಿಬಿಡಿ ಎನ್ನುತ್ತಾರೆ. ನಿಜವೇ?

ಉತ್ತರ: ಮೊದಲು ಕೊಡಲಿ ಕೆಳಗಿಡಿ. ಕಾಟುಮಾವಿನ ಪರಾಗದಿಂದ ನಿಮ್ಮ ಬಾದಾಮಿ ಹುಳಿಯಾಗುವುದಿಲ್ಲ. ಅಪ್ಪೆಮಿಡಿಗೆ ಗೊರಟೊಂದನ್ನೇ ನಂಬಿ ಕೂರಬೇಡಿ, ಈ ವರ್ಷವೇ ಕಸಿ ಮಾಡಿಸಿ. ನೆಕ್ಕರೆಯ ಬಗ್ಗೆ ನಿಮ್ಮ ನೆಂಟರು ಹೇಳಿದ್ದು ಸರಿ, ಆದರೆ ಆ ಗುಣ ಎಲ್ಲ ಮಾವಿಗೂ ಇಲ್ಲ. ಮೂರು ಪ್ರಶ್ನೆಗಳ ಉತ್ತರವೂ ಒಂದೇ ಕಡೆ ಸಿಗುತ್ತದೆ: ಹೂವಿನ ನಡುವೆ ಕೂತಿರುವ, ಸಾಸಿವೆಗಿಂತ ಚಿಕ್ಕದಾದ ಅಂಡಾಶಯದಲ್ಲಿ.

ಜನವರಿಯಲ್ಲಿ ಬೆಳಗ್ಗೆ ಒಂದು ಹೂಗೊಂಚಲು ಮುರಿದು ತಂದು ಭೂತಗನ್ನಡಿ ಹಿಡಿದು ನೋಡಿ. ಒಂದು ಗೊಂಚಲಿನಲ್ಲಿ ಸಾವಿರದಿಂದ ಆರು ಸಾವಿರದವರೆಗೆ ಹೂಗಳಿರುತ್ತವೆ, ಒಂದೊಂದೂ ಅರ್ಧ ಸೆಂಟಿಮೀಟರಿಗೆ ತುಸು ಹೆಚ್ಚು ಅಗಲ. ಅವುಗಳಲ್ಲಿ ಎರಡು ಜಾತಿ. ಕೆಲವು ಬರೀ ಗಂಡು ಹೂ. ಉಳಿದವುಗಳ ನಡುವೆ ಹಸಿರು ಹಳದಿ ಬಣ್ಣದ ಉಂಡೆಯಂಥ ಅಂಡಾಶಯವಿದೆ, ಅದರ ಪಕ್ಕದಿಂದ ಬಾಗಿದ ಸಣ್ಣ ಶಲಾಕೆ ಮೇಲೆದ್ದಿದೆ. ಇವು ದ್ವಿಲಿಂಗಿ ಹೂಗಳು, ಕಾಯಿ ಕಟ್ಟುವುದು ಇವು ಮಾತ್ರ. ಎರಡರಲ್ಲೂ ಕೇಸರಗಳು ನಾಲ್ಕೈದು ಕಂಡರೂ ಪರಾಗ ಕೊಡುವುದು ಸಾಮಾನ್ಯವಾಗಿ ಒಂದೇ. ಅದರ ತುದಿಯ ಪರಾಗಕೋಶ ಮೊದಲು ಗುಲಾಬಿ ಬಣ್ಣದಲ್ಲಿರುತ್ತದೆ. ಬಿಸಿಲೇರಿ ಒಡೆದಾಗ ನೇರಳೆಗೆ ತಿರುಗುತ್ತದೆ.

ಲಿಂಗಾಣುಗಳು, ಅಂದರೆ ಸೇರಿ ಬೀಜದ ಭ್ರೂಣವಾಗುವ ಗಂಡು ಮತ್ತು ಹೆಣ್ಣು ಕೋಶಗಳು, ತಯಾರಾಗುವುದು ಪರಾಗಕೋಶ ಮತ್ತು ಅಂಡಾಶಯ ಈ ಎರಡು ಜಾಗಗಳಲ್ಲಿ. ಮಾವಿನ ಎಲೆ, ತೊಗಟೆ, ಬೇರು ಯಾವುದರ ಜೀವಕೋಶ ತೆಗೆದು ನೋಡಿದರೂ ವಂಶವಾಹಿಗಳನ್ನು ಹೊತ್ತ ಎಳೆಗಳು, ಅಂದರೆ ವರ್ಣತಂತುಗಳು (ಕ್ರೋಮೊಸೋಮ್), 40 ಇರುತ್ತವೆ. ಅವು 20 ಜೋಡಿ, ಪ್ರತಿ ಜೋಡಿಯಲ್ಲಿ ಒಂದು ತಾಯಿಮರದಿಂದ ಬಂದದ್ದು, ಇನ್ನೊಂದು ತಂದೆಮರದಿಂದ ಬಂದದ್ದು. ಮರ ಬೆಳೆಯುವಾಗ ಪ್ರತಿ ಸಲವೂ ಈ 40ರ ಪೂರ್ತಿ ನಕಲು ತಯಾರಾಗಿ ಹೊಸ ಕೋಶಕ್ಕೆ ಹೋಗುತ್ತದೆ. ಪರಾಗಕೋಶ ಮತ್ತು ಅಂಡಾಶಯದ ಒಳಗಿನ ಅಂಡಕದಲ್ಲಿ (ಮುಂದೆ ಬೀಜವಾಗುವ ಭಾಗದಲ್ಲಿ) ಮಾತ್ರ ಕೆಲವು ಕೋಶಗಳು ಬೇರೆ ದಾರಿ ಹಿಡಿಯುತ್ತವೆ. ಅಲ್ಲಿ ಜೋಡಿ ವರ್ಣತಂತುಗಳು ಒಂದರ ಪಕ್ಕ ಒಂದು ಅಂಟಿ ನಿಲ್ಲುತ್ತವೆ, ನಿಂತಲ್ಲೇ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಆಮೇಲೆ ಬೇರೆಯಾಗಿ ಆಚೆ ಒಂದು ಈಚೆ ಒಂದು ಹೋಗುತ್ತವೆ. ಕೊನೆಗೆ ಒಂದು ಕೋಶದಿಂದ ನಾಲ್ಕು ಕೋಶ, ಪ್ರತಿಯೊಂದರಲ್ಲೂ 20 ವರ್ಣತಂತು. ಇದಕ್ಕೆ ಮಿಯಾಸಿಸ್ ಎನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಅರೆವಿಭಜನೆ ಎಂದು ಓದಿರುತ್ತೀರಿ.

ನಿಮ್ಮ ಮರದ ಭವಿಷ್ಯ ನಿರ್ಧಾರವಾಗುವ ಕ್ಷಣ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಇಪ್ಪತ್ತು ಜೋಡಿಗಳಲ್ಲಿ ಯಾವುದರಿಂದ ಯಾವ ಪ್ರತಿ ಯಾವ ಕಡೆ ಹೋಗುತ್ತದೆ ಎಂಬುದಕ್ಕೆ ನಿಯಮವಿಲ್ಲ, ನಾಣ್ಯ ಚಿಮ್ಮಿದ ಹಾಗೆ. ಒಂದು ಜೋಡಿಗೆ ಎರಡು ಸಾಧ್ಯತೆ, ಎರಡು ಜೋಡಿಗೆ ನಾಲ್ಕು, ಇಪ್ಪತ್ತು ಜೋಡಿಗೆ 10,48,576. ತುಂಡುಗಳ ಅದಲುಬದಲನ್ನು ಲೆಕ್ಕಕ್ಕೆ ಹಿಡಿಯದೆಯೇ ಒಂದು ಮರ ಹತ್ತು ಲಕ್ಷಕ್ಕೂ ಹೆಚ್ಚು ಬಗೆಯ ಲಿಂಗಾಣುಗಳನ್ನು ಮಾಡಬಲ್ಲದು. ಇನ್ನೊಂದು ಮರದ ಪರಾಗವೂ ಅಷ್ಟೇ ಬಗೆ. ಎರಡನ್ನೂ ಗುಣಿಸಿದರೆ ಒಂದು ಲಕ್ಷ ಕೋಟಿಗೂ ಮಿಕ್ಕಿದ ಸಾಧ್ಯತೆಗಳು. ಒಂದೇ ಗೊಂಚಲಿನ ಎರಡು ಕಾಯಿಗಳ ಬೀಜಗಳು ಅಣ್ಣತಮ್ಮಂದಿರಷ್ಟೇ ಹೊರತು ಒಂದರ ಪಡಿಯಚ್ಚು ಇನ್ನೊಂದಲ್ಲ.

ಭತ್ತ ಬೆಳೆಯುವವರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ: ಹಾಗಾದರೆ ನಮ್ಮ ಮನೆಯ ನಾಟಿ ಭತ್ತ ವರ್ಷವರ್ಷವೂ ಅದೇ ಹೇಗೆ ಬರುತ್ತದೆ? ಭತ್ತದ ಹೂ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗೆ ಕಟ್ಟಿದ ಪ್ರತಿ ತಲೆಮಾರಿನಲ್ಲೂ ಜೋಡಿಯೊಳಗಿನ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ. ಆರು ತಲೆಮಾರು ಕಳೆಯುವಾಗ ಮೊದಲಿದ್ದ ವ್ಯತ್ಯಾಸದ ಅರವತ್ನಾಲ್ಕನೇ ಒಂದು ಭಾಗ ಮಾತ್ರ ಉಳಿದಿರುತ್ತದೆ. ಜೋಡಿಯ ಎರಡೂ ಪ್ರತಿಗಳು ಒಂದೇ ಆದ ಮೇಲೆ ಯಾವುದು ಯಾವ ಕಡೆ ಹೋದರೇನು? ಎಲ್ಲ ಲಿಂಗಾಣುಗಳೂ ಒಂದೇ ಆಗಿರುತ್ತವೆ, ಎಲ್ಲ ಕಾಳೂ ಒಂದೇ ಆಗಿರುತ್ತದೆ. ಭತ್ತಕ್ಕೆ ಆರು ತಲೆಮಾರೆಂದರೆ ಆರು ಬೆಳೆ. ಮಾವಿಗೆ ಒಂದು ತಲೆಮಾರೆಂದರೆ ಗೊರಟು ಮೊಳೆತು ಮರವಾಗಿ ಹೂ ಬಿಡುವಷ್ಟು ಕಾಲ, ಆರೆಂಟು ವರ್ಷವೋ ಅದಕ್ಕೂ ಹೆಚ್ಚೋ. ಅದರ ಮೇಲೆ ಮಾವು ಪರಪರಾಗಕ್ಕೆ ಒಲಿದ ಮರ. ಉತ್ತರ ಭಾರತದ ದಶೇರಿಯಂಥ ತಳಿಗಳಂತೂ ತಮ್ಮ ಪರಾಗವನ್ನು ತಾವೇ ಒಪ್ಪಿಕೊಳ್ಳುವುದಿಲ್ಲ, ಬೇರೆ ತಳಿಯ ಮರ ಹತ್ತಿರವಿಲ್ಲದಿದ್ದರೆ ಕಾಯಿ ನಿಲ್ಲುವುದೇ ಕಷ್ಟ. ಹೀಗಾಗಿ ಪ್ರತಿ ಮಾವಿನ ಮರದಲ್ಲೂ ಜೋಡಿಯ ಎರಡು ಪ್ರತಿಗಳ ನಡುವೆ ವ್ಯತ್ಯಾಸ ತುಂಬಿಕೊಂಡೇ ಇರುತ್ತದೆ.

ಇದನ್ನು ಕಣ್ಣಾರೆ ತೋರಿಸುವ ಒಂದು ಉದಾಹರಣೆ ನಿಮ್ಮೂರಿನ ನರ್ಸರಿಯಲ್ಲೇ ಇದೆ. ಮಲ್ಲಿಕಾ ಮತ್ತು ಆಮ್ರಪಾಲಿ ಎರಡೂ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಹೊರತಂದ ತಳಿಗಳು. ಮಲ್ಲಿಕಾಕ್ಕೆ ನೀಲಂ ತಾಯಿ, ದಶೇರಿ ತಂದೆ. ಆಮ್ರಪಾಲಿಗೆ ದಶೇರಿ ತಾಯಿ, ನೀಲಂ ತಂದೆ. ಎರಡಕ್ಕೂ ಅವೇ ಹೆತ್ತವರು. ಆದರೂ ಮಲ್ಲಿಕಾ ದೊಡ್ಡ ಹಣ್ಣಿನ, ಚೆನ್ನಾಗಿ ಬೆಳೆಯುವ ಮರ. ಆಮ್ರಪಾಲಿ ಗಿಡ್ಡ ಮರ, ಸಣ್ಣ ಹಣ್ಣು, ಗಾಢ ಕಿತ್ತಳೆ ತಿರುಳು. ತಾಯಿತಂದೆ ಅದಲುಬದಲಾದದ್ದರಿಂದ ಹೀಗಾಯಿತೆಂದು ಕೆಲವರು ಹೇಳುವುದುಂಟು. ಅದು ಮುಖ್ಯ ಕಾರಣವಲ್ಲ. ಎರಡು ಬೀಜಗಳಲ್ಲಿ ಸೇರಿದ ಲಿಂಗಾಣುಗಳೇ ಬೇರೆ ಬೇರೆ. ಅದೇ ಜೋಡಿಯನ್ನು ನೂರು ಸಲ ಕೂಡಿಸಿದರೆ ನೂರು ಬೇರೆ ಮರಗಳು ಹುಟ್ಟುತ್ತವೆ, ಬಹುಪಾಲು ಹೆತ್ತವರಿಗಿಂತ ಕಳಪೆಯಾಗಿಯೇ. ಆ ರಾಶಿಯಿಂದ ಆರಿಸಿ ಉಳಿಸಿದವುಗಳ ಹೆಸರು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಈಗ ನಿಮ್ಮ ಅಪ್ಪೆ. ಲೆಕ್ಕ ಸುಲಭವಾಗಲೆಂದು ಹೀಗೆ ಭಾವಿಸಿ: ಅದರ ಸೊನೆಯ ಪರಿಮಳ, ಹುಳಿ, ಮಿಡಿಯ ಆಕಾರ, ಉಪ್ಪಿನಲ್ಲಿ ಮೆತ್ತಗಾಗದೆ ನಿಲ್ಲುವ ಗುಣ ಎಲ್ಲ ಸೇರಿ ಐದೇ ವಂಶವಾಹಿಗಳ ಕೆಲಸ, ಐದರಲ್ಲೂ ಜೋಡಿಯ ಒಂದು ಪ್ರತಿ ಮಾತ್ರ ಒಳ್ಳೆಯದು. ಆಗ ಐದೂ ಒಳ್ಳೆಯ ಪ್ರತಿಗಳು ಒಂದೇ ಅಂಡಾಣುವಿಗೆ ಬರುವ ಸಾಧ್ಯತೆ 32ರಲ್ಲಿ ಒಂದು. ನಿಜದಲ್ಲಿ ಇಂಥ ಗುಣಗಳ ಹಿಂದೆ ಐದಕ್ಕಿಂತ ಎಷ್ಟೋ ಹೆಚ್ಚು ವಂಶವಾಹಿಗಳಿರುತ್ತವೆ. ಉಳಿದರ್ಧ ಯಾವುದೋ ಕಾಡುಮಾವಿನ ಪರಾಗದಿಂದ ಬಂದದ್ದು. ಹೊಳೆಸಾಲಿನಲ್ಲಿ ಒಂದು ಮರದ ಮಿಡಿಯ ಹಾಗೆ ಇನ್ನೊಂದರದ್ದು ಇಲ್ಲದಿರುವುದು ಇದೇ ಕಾರಣಕ್ಕೆ. ಜೀರಿಗೆ ವಾಸನೆಯದೊಂದು, ಕರ್ಪೂರದ್ದೊಂದು, ಉದ್ದದ್ದೊಂದು, ಉರುಟಿನದ್ದೊಂದು, ಎಲ್ಲವೂ ಬೀಜದಿಂದ ಎದ್ದ ಒಂಟಿ ವ್ಯಕ್ತಿಗಳು. ಅನಂತಭಟ್ಟನ ಅಪ್ಪೆಯಂಥ ಹೆಸರಾಂತ ಮಿಡಿ ಇವತ್ತಿಗೂ ಸಿಗುತ್ತಿದ್ದರೆ ಅದು ಕಸಿಯ ಪುಣ್ಯ. ಕಸಿಯಾಗದೆ ಉರುಳಿದ ಮರದ ಮಿಡಿ ಅಲ್ಲಿಗೇ ಮುಗಿಯಿತು. ಅದರ ಅಡಿಯಲ್ಲಿ ನೂರು ಸಸಿ ಎದ್ದಿದ್ದರೂ ಸಾಮಾನ್ಯವಾಗಿ ಆ ಮಿಡಿ ಮತ್ತೆ ಬರುವುದಿಲ್ಲ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬೆಳೆಯೊಂದರ ಎಷ್ಟೋ ಒಳ್ಳೆಯ ಮರಗಳು ಹೀಗೆ ಹೋಗಿವೆ ಎಂಬುದು ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಈ ವರ್ಷವೇ ಎಂದು ಒತ್ತಿ ಹೇಳಿದ್ದು.

ಕಾಟುಮಾವಿನ ಆರೋಪಕ್ಕೆ ಬರೋಣ. ಅಂಡಾಶಯದೊಳಗೆ ಒಂದೇ ಒಂದು ಅಂಡಕವಿರುತ್ತದೆ. ಅದರಲ್ಲಿ ಮಿಯಾಸಿಸ್ ನಡೆದು ಹುಟ್ಟಿದ ನಾಲ್ಕು ಕೋಶಗಳಲ್ಲಿ ಮೂರು ಸಾಯುತ್ತವೆ. ಉಳಿದ ಒಂದರ ಕೇಂದ್ರ ಮೂರು ಸಲ ಇಬ್ಭಾಗವಾಗಿ ಎಂಟು ಕೇಂದ್ರಗಳ ಭ್ರೂಣಚೀಲವಾಗುತ್ತದೆ. ಆ ಎಂಟರಲ್ಲಿ ಒಂದು ಅಂಡಾಣುವಿನದ್ದು, ಎರಡು ನಡುಕೋಶದೊಳಗಿನವು, ಉಳಿದವು ಸಹಾಯಕ ಕೋಶಗಳವು. ನೊಣವೋ ಜೇನೋ ತಂದ ಪರಾಗ ಶಲಾಕೆಯ ತುದಿಗೆ ಅಂಟಿ, ಕೊಳವೆ ಬಿಟ್ಟು, ಒಳಗಿಳಿದು ಎರಡು ಗಂಡು ಲಿಂಗಾಣುಗಳನ್ನು ಬಿಡುತ್ತದೆ. ಒಂದು ಅಂಡಾಣುವಿನ ಜೊತೆ ಸೇರುತ್ತದೆ, 20 ಕೂಡಿಸು 20, ಮತ್ತೆ 40. ಇದು ಭ್ರೂಣ, ಹೊಸ ಮರ. ಇನ್ನೊಂದು ನಡುಕೋಶದ ಎರಡು ಕೇಂದ್ರಗಳ ಜೊತೆ ಸೇರಿ 60 ವರ್ಣತಂತುಗಳ ಭ್ರೂಣಾಹಾರವಾಗುತ್ತದೆ. ಬೆಳೆಯುವ ಭ್ರೂಣ ಅದನ್ನು ತಿಂದು ಮುಗಿಸುತ್ತದೆ, ಆ ಸಾರವೆಲ್ಲ ದಪ್ಪ ಬೀಜದಳಗಳಲ್ಲಿ ಸೇರಿಕೊಳ್ಳುತ್ತದೆ.

ತಂದೆಮರದ ಪಾಲು ಅಷ್ಟೇ, ಅದು ಗೊರಟಿನ ಒಳಗಿನ ಬೀಜದಲ್ಲಿದೆ. ನಾವು ತಿನ್ನುವ ತಿರುಳು, ಸಿಪ್ಪೆ, ನಾರು, ಗೊರಟಿನ ಗಟ್ಟಿ ಚಿಪ್ಪು ಎಲ್ಲವೂ ಅಂಡಾಶಯದ ಗೋಡೆ ದಪ್ಪವಾಗಿ ಬೆಳೆದದ್ದು. ಅಂಡಾಶಯದ ಗೋಡೆ ಪೂರ್ತಿ ತಾಯಿಮರದ ಮೈ. ಬಾದಾಮಿಯ ತಿರುಳಿನಲ್ಲಿ ಬಾದಾಮಿಯ 40 ವರ್ಣತಂತುಗಳೇ ಇರುತ್ತವೆ, ಪರಾಗ ಕಾಟುಮಾವಿನದ್ದಾಗಿರಲಿ ತೋತಾಪುರಿಯದ್ದಾಗಿರಲಿ. ಜೋಳದ ಮಾತು ಬೇರೆ. ಬಿಳಿ ಮೆಕ್ಕೆಜೋಳದ ಪಕ್ಕ ಹಳದಿ ಬೆಳೆದರೆ ಅದೇ ವರ್ಷದ ತೆನೆಯಲ್ಲಿ ಹಳದಿ ಕಾಳು ಕಾಣಿಸುತ್ತದೆ, ಏಕೆಂದರೆ ಅಲ್ಲಿ ನಾವು ನೋಡುವುದೂ ತಿನ್ನುವುದೂ ಬೀಜವನ್ನೇ. ಅದನ್ನು ನೋಡಿದವರು ಮಾವಿಗೂ ಅದೇ ಲೆಕ್ಕ ಹಚ್ಚಿರಬೇಕು. ನಿಮ್ಮ ಬಾದಾಮಿ ಹುಳಿಯಾಗಿದ್ದರೆ ಬಲಿಯುವ ಮೊದಲೇ ಕೊಯ್ದಿರೋ, ನೆರಳು ಹೆಚ್ಚಾಗಿದೆಯೋ, ಬೆಳೆಯುವಾಗ ಮೋಡ ಮಳೆ ಬಿದ್ದಿತೋ, ಅಥವಾ ಕಸಿಯ ಭಾಗ ಸತ್ತು ಬೇರುಸಸಿಯ (ಕಸಿ ಕಟ್ಟಲು ಅಡಿಗೆ ಬಳಸಿದ ಸಸಿಯ) ಚಿಗುರೇ ಮರವಾಗಿದೆಯೋ ನೋಡಿ. ಈ ಕೊನೆಯದು ಅನೇಕ ತೋಟಗಳಲ್ಲಿ ಆಗುತ್ತದೆ. ಕಸಿಗಂಟಿನ ಕೆಳಗಿನಿಂದ ಎದ್ದ ಕೊಂಬೆಯ ಎಲೆ ಜಜ್ಜಿ ಮೂಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಬೀಜ ಮತ್ತು ತಿರುಳು ಬೇರೆ ಬೇರೆ ವ್ಯಕ್ತಿಗಳಾದರೂ ಒಂದಕ್ಕೊಂದು ಸಂಬಂಧವೇ ಇಲ್ಲವೆಂದಲ್ಲ. ಭ್ರೂಣ ಸತ್ತರೆ ಕಾಯಿ ಸಾಸಿವೆ, ಬಟಾಣಿ ಗಾತ್ರದಲ್ಲೇ ಉದುರುತ್ತದೆ, ಅಥವಾ ಬೀಜವಿಲ್ಲದ ಗೊಡ್ಡು ಕಾಯಿಯಾಗಿ ಹೆಬ್ಬೆರಳಷ್ಟಕ್ಕೆ ನಿಲ್ಲುತ್ತದೆ. ಬಾದಾಮಿಯ ತಿರುಳಿನ ನಡುವೆ ಬಿಳಿಯಾಗಿ ಹುಳಿಯಾಗಿ ಮೆದುವಾಗುವ ದೋಷವಿದೆಯಲ್ಲ, ಅದರ ಬೆನ್ನು ಹತ್ತಿದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮೂಲವನ್ನು ಬೀಜದಲ್ಲೇ ಕಂಡರು. ಹಣ್ಣು ಮರದಲ್ಲಿರುವಾಗಲೇ ಒಳಗಿನ ಬೀಜ ಮೊಳೆಯುವ ಸಿದ್ಧತೆ ಶುರುಮಾಡಿ ಸುತ್ತಲಿನ ತಿರುಳನ್ನು ಕೆಡಿಸುತ್ತದೆ. ನಿಮ್ಮ ಹಣ್ಣಿನ ಹುಳಿ ಗೊರಟಿನ ಸುತ್ತ ಮಾತ್ರ ಇದ್ದರೆ ಇದೇ ತೊಂದರೆ, ಕಾಟುಮಾವಿನದ್ದಲ್ಲ.

ಕಾಟುಮಾವಿನಿಂದ ನಿಮಗೆ ಉಪಕಾರವೇ ಆಗುತ್ತಿರಬಹುದು. ಬೇರೆ ಮರದ ಪರಾಗ ಹತ್ತಿರದಲ್ಲಿದ್ದರೆ ಕಾಯಿ ಕಟ್ಟುವುದು ಸಾಮಾನ್ಯವಾಗಿ ಸುಧಾರಿಸುತ್ತದೆ. ಸಾವಿರ ಹೂವಿಗೆ ಒಂದೆರಡು ಹಣ್ಣು ಕೊನೆತನಕ ನಿಂತರೆ ಮಾವಿನಲ್ಲಿ ಅದೇ ಒಳ್ಳೆಯ ಬೆಳೆ. ಪರಾಗ ತಯಾರಾಗುವ ಹೊತ್ತಿನಲ್ಲಿ ಮರಕ್ಕೆ ಚಳಿ ತಡೆಯುವುದಿಲ್ಲ. ಮಿಯಾಸಿಸ್ ನಡೆಯುವ ದಿನಗಳಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿದರೆ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದೆ ಪರಾಗದ ದೊಡ್ಡ ಪಾಲು ಜೊಳ್ಳಾಗುತ್ತದೆ. ಮೇಲ್ನೋಟಕ್ಕೆ ಹೂ ತುಂಬಿರುತ್ತದೆ, ಕಾಯಿ ಮಾತ್ರ ಇಲ್ಲ. ಹೂ ಅರಳಿದಾಗ ಕೀಟನಾಶಕ ಹೊಡೆದರೆ ಪರಾಗ ಸಾಗಿಸುವ ನೊಣಗಳೂ ಜೇನೂ ಸಾಯುತ್ತವೆ. ಜಿಗಿಹುಳದ ಔಷಧಿಯನ್ನು ಗೊಂಚಲು ಹೊರಡುವಾಗ, ಹೂ ಬಿರಿಯುವ ಮೊದಲೇ ಮುಗಿಸಿಕೊಳ್ಳಿ.

ಇನ್ನು ನೆಕ್ಕರೆ. ನನಗೆ ಮಾವಿನಲ್ಲಿ ಅತ್ಯಂತ ಸೋಜಿಗದ ಭಾಗ ಇದು. ಭ್ರೂಣಚೀಲದ ಸುತ್ತ ಅಂಡಕದ ಒಳಗೆ ನ್ಯೂಸೆಲಸ್ ಎಂಬ ಅಂಗಾಂಶವಿದೆ. ಅದು ತಾಯಿಮರದ ಮೈಕೋಶ, ಅಲ್ಲಿ ಮಿಯಾಸಿಸ್ ಆಗಿಲ್ಲ, 40 ವರ್ಣತಂತುಗಳೂ ಹಾಗೇ ಇವೆ. ನೆಕ್ಕರೆ, ಬಪ್ಪಕಾಯಿ, ಮೂವಾಂಡನ್, ಒಲೂರು, ಚಂದ್ರಕರನ್, ವೆಲ್ಲೈಕೊಳಂಬನ್ ಮುಂತಾದ ಪಶ್ಚಿಮ ಕರಾವಳಿ ಮತ್ತು ದಕ್ಷಿಣದ ತಳಿಗಳಲ್ಲಿ ಈ ಅಂಗಾಂಶದ ಕೆಲವು ಕೋಶಗಳು ತಾವೇ ಭ್ರೂಣಗಳಾಗಿ ಬೆಳೆದು ಭ್ರೂಣಚೀಲದೊಳಗೆ ನುಗ್ಗುತ್ತವೆ. ಒಂದೇ ಬೀಜದಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ಭ್ರೂಣಗಳು. ಅವುಗಳಿಗೆ ತಂದೆಯಿಲ್ಲ. ಲಿಂಗಾಣುವಿನ ಮೂಲಕ ಹಾಯದೆ ಬಂದದ್ದರಿಂದ ಕಲಸಾಟವೂ ಇಲ್ಲ. ಅವು ತಾಯಿಯ ಪಡಿಯಚ್ಚು, ಮರ ತಾನೇ ತನಗೆ ಮಾಡಿಕೊಂಡ ಕಸಿ ಎನ್ನಬಹುದು. ಇದಕ್ಕೆ ಬಹುಭ್ರೂಣತೆ ಎನ್ನುತ್ತಾರೆ. ಆದರೂ ಹೂವಿಗೆ ಪರಾಗ ಬೇಕೇ ಬೇಕಾಗುತ್ತದೆ, ಅದಿಲ್ಲದೆ ಕಾಯಿ ಬೆಳೆಯುವುದು ಅಪರೂಪ. ಬಾದಾಮಿ, ನೀಲಂ, ಮಲ್ಲಿಕಾ, ಬಂಗನಪಲ್ಲಿ, ತೋತಾಪುರಿಯಂಥ ನಮ್ಮ ಹೆಚ್ಚಿನ ತೋಟದ ತಳಿಗಳು ಏಕಭ್ರೂಣದವು. ಅವುಗಳ ಗೊರಟಿನಲ್ಲಿರುವುದು ಅಂಡಾಣುವಿನಿಂದ ಬಂದ ಒಂದೇ ಭ್ರೂಣ, ಅಂದರೆ ಹೊಸ ವ್ಯಕ್ತಿ.

ಈ ಗುಣ ಮುಂದಿನ ತಲೆಮಾರಿಗೆ ಹೋಗುವ ರೀತಿಯೂ ವಿಚಿತ್ರವಾಗಿದೆ. ಮಾವಿನಲ್ಲಿ ಬಹುಭ್ರೂಣತೆ ಒಂದು ಪ್ರಬಲ ವಂಶವಾಹಿಯ ಕೆಲಸ, ಒಂದು ಪ್ರತಿ ಇದ್ದರೂ ಸಾಕು. ಬಾದಾಮಿ ಹೂವಿಗೆ ನೆಕ್ಕರೆಯ ಪರಾಗ ಬಿತ್ತೆಂದುಕೊಳ್ಳಿ. ಆ ಕಾಯಿಯ ಗೊರಟಿನಲ್ಲಿ ಒಂದೇ ಸಸಿ ಇರುತ್ತದೆ, ಏಕೆಂದರೆ ನ್ಯೂಸೆಲಸ್ ಬಾದಾಮಿಯದ್ದು, ಅದಕ್ಕೆ ಆ ವಂಶವಾಹಿ ಇಲ್ಲ. ಆದರೆ ಭ್ರೂಣಕ್ಕೆ ಆ ವಂಶವಾಹಿ ಬಂದಿರಬಹುದು. ಅದು ಮರವಾಗಿ ಕಾಯಿ ಬಿಟ್ಟಾಗ ಅದರ ಗೊರಟುಗಳಲ್ಲಿ ಎರಡು ಮೂರು ಸಸಿಗಳು ಏಳುತ್ತವೆ. ತಂದೆಯ ಗುಣ ಒಂದು ತಲೆಮಾರು ತಡವಾಗಿ ಹೊರಬರುತ್ತದೆ. ನೀವು ಬೆಳೆಸಿದ ಗೊರಟಿನ ಮರದಲ್ಲಿ ಹೀಗಾದರೆ ಅಚ್ಚರಿಪಡಬೇಡಿ.

ನಿಮ್ಮ ಅಪ್ಪೆ ಯಾವ ಗುಂಪಿಗೆ ಸೇರಿದ್ದು ಎಂಬುದನ್ನು ಊಹಿಸುವ ಬದಲು ನೋಡಿಯೇ ಬಿಡಿ. ಎಲ್ಲವನ್ನೂ ಮಿಡಿಯಲ್ಲೇ ಕೊಯ್ಯದೆ ಒಂದು ಕೊಂಬೆಯ ಕಾಯಿಗಳನ್ನು ಹಣ್ಣಾಗಲು ಬಿಡಿ. ಬಿದ್ದ ಹಣ್ಣಿನ ಹತ್ತು ಗೊರಟು ತೊಳೆದು, ಒಂದು ದಿನ ನೆರಳಿನಲ್ಲಿ ಆರಿಸಿ, ಚಿಪ್ಪಿನ ಅಂಚನ್ನು ಕತ್ತರಿಯಿಂದ ಹುಷಾರಾಗಿ ಬಿಡಿಸಿ. ಒಳಗಿನ ತೆಳು ಕಂದು ಪೊರೆ ಸುಲಿಯಿರಿ. ಎರಡು ದೊಡ್ಡ ಬೀಜದಳ, ನಡುವೆ ಒಂದೇ ಮೊಳಕೆ ಇದ್ದರೆ ಏಕಭ್ರೂಣ. ಹಲಸಿನ ತೊಳೆಗಳ ಹಾಗೆ ಸಣ್ಣದೊಡ್ಡ ತುಂಡುಗಳು ಒಂದಕ್ಕೊಂದು ಒತ್ತಿಕೊಂಡಿದ್ದು, ಒಂದೊಂದಕ್ಕೂ ತನ್ನದೇ ಮೊಳಕೆ ಇದ್ದರೆ ಬಹುಭ್ರೂಣ. ಏಕಭ್ರೂಣದ ಬೀಜದಳದಲ್ಲೂ ಸೀಳುಗಳಿರುವುದುಂಟು, ಮೊಳಕೆಗಳನ್ನೇ ಎಣಿಸಿ. ಸಸಿ ಎದ್ದ ಮೇಲೆ ನೋಡುವುದಾದರೆ ಕಾಂಡ ಎಣಿಸಿ ಮೋಸಹೋಗಬೇಡಿ. ಮೊದಲ ಚಿಗುರು ಮುರಿದರೆ ಒಂದೇ ಸಸಿ ಎರಡು ಕಾಂಡ ಬಿಡುತ್ತದೆ. ಬುಡ ಬಿಡಿಸಿ, ಪ್ರತಿ ಕಾಂಡಕ್ಕೂ ಬೇರೆಯೇ ತಾಯಿಬೇರು ಇದೆಯೇ ಎಂದು ನೋಡಬೇಕು.

ಬಹುಭ್ರೂಣವೆಂದು ಕಂಡರೂ ಕಣ್ಣು ಮುಚ್ಚಿ ನೆಡುವ ಹಾಗಿಲ್ಲ. ಆ ಗುಂಪಿನಲ್ಲಿ ಅಂಡಾಣುವಿನಿಂದ ಬಂದ ಭ್ರೂಣವೂ ಒಂದು ಇರಬಹುದು. ಕೆಲವು ಬೀಜಗಳಲ್ಲಿ ಅದು ಒತ್ತಡಕ್ಕೆ ಸಿಕ್ಕಿ ಸಾಯುತ್ತದೆ, ಕೆಲವುಗಳಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಸೊರಗಿದ ಸಸಿಯೇ ಅದು, ಕಿತ್ತೆಸೆಯಿರಿ ಎಂದು ಹಲವರು ಹೇಳುತ್ತಾರೆ. ಅನೇಕ ಸಲ ಸರಿ, ಎಲ್ಲ ಸಲವೂ ಅಲ್ಲ. ಇನ್ನೂ ನಂಬಬಹುದಾದ ದಾರಿ ಹೋಲಿಕೆ: ಇಪ್ಪತ್ತು ಮೂವತ್ತು ಗೊರಟಿನ ಸಸಿಗಳನ್ನು ಬಿಡಿಸಿ ಬೇರೆ ಬೇರೆ ಚೀಲದಲ್ಲಿ ಬೆಳೆಸಿ. ಚಿಗುರೆಲೆಯ ಬಣ್ಣ, ಎಲೆಯ ಅಗಲ, ಜಜ್ಜಿದಾಗಿನ ವಾಸನೆ ಇವುಗಳಲ್ಲಿ ಪಡಿಯಚ್ಚುಗಳೆಲ್ಲ ಒಂದೇ ಥರ ಇರುತ್ತವೆ, ಬೇರೆ ಥರದವು ಎದ್ದು ಕಾಣುತ್ತವೆ. ಅವನ್ನು ತೆಗೆದುಹಾಕಿ. ಖಚಿತ ಬೇಕಾದರೆ ಎಲೆಯ ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಬಹುಭ್ರೂಣದ ಸಸಿಗಳಿಗೆ ಇನ್ನೊಂದು ಬೆಲೆಯೂ ಇದೆ. ಒಂದೇ ಥರದ ಬೇರುಸಸಿ ಬೇಕೆನ್ನುವವರಿಗೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಉಪ್ಪುನೀರು ತಡೆಯುವುದಕ್ಕೆ ಇಸ್ರೇಲಿನವರು ಬಳಸುವ 13-1 ಎಂಬ ಬೇರುಸಸಿಯೂ ಬಹುಭ್ರೂಣದ್ದೇ.

ಕಸಿಯ ಕೆಲಸವನ್ನು ಇವತ್ತೇ ಯೋಚಿಸಿ ಶುರುಮಾಡಿ, ಏಕೆಂದರೆ ಮುದಿಮರದಲ್ಲಿ ಕಸಿಗೆ ಬರುವ ಕಡ್ಡಿ ಇರುವುದಿಲ್ಲ. ಒಣಕಲು ಹಳೇ ರೆಂಬೆಯಿಂದ ಕಡ್ಡಿ ಕಡಿದು ಕಸಿ ಮಾಡಿ, ಹಿಡಿಯಲಿಲ್ಲ ಎಂದು ಕೈಬಿಟ್ಟವರು ಬಹಳ. ಮಿಡಿ ಕೊಯ್ಲು ಮುಗಿದ ಕೂಡಲೇ ಬಿಸಿಲು ಬೀಳುವ ಕಡೆಯ ಒಂದೆರಡು ಕೊಂಬೆಗಳನ್ನು ಹಿಂದಕ್ಕೆ ಕಡಿದು ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ. ಅಲ್ಲಿಂದ ಹೊಸ ಚಿಗುರು ಬರುತ್ತದೆ. ಮೂರು ನಾಲ್ಕು ತಿಂಗಳಿಗೆ ಅದು ಪೆನ್ಸಿಲ್ ದಪ್ಪವಾಗಿ ಬಲಿತು ತುದಿಮೊಗ್ಗು ಉಬ್ಬುತ್ತದೆ. ಕಡ್ಡಿ ತೆಗೆಯುವ ಏಳರಿಂದ ಹತ್ತು ದಿನ ಮೊದಲು, ತೊಟ್ಟು ಮಾತ್ರ ಬಿಟ್ಟು ಎಲೆಗಳನ್ನು ಕತ್ತರಿಸಿ. ತೊಟ್ಟು ಮುಟ್ಟಿದರೆ ಉದುರುವಂತಾದಾಗ ಕಡ್ಡಿ ಸಿದ್ಧ.

ಬೇರುಸಸಿಗೆ ಯಾವುದೇ ಕಾಟುಮಾವಿನ ಹೊಸ ಗೊರಟು ಸಾಕು, ನಿಮ್ಮ ಮನೆ ಪಕ್ಕದ್ದೇ ಆಗಬಹುದು. ಆ ಮರ ಉಳಿಯಲು ಇದೂ ಒಂದು ಕಾರಣ. ಮಾವಿನ ಬೀಜವನ್ನು ಒಣಗಿಸಿ ಇಡುವ ಹಾಗಿಲ್ಲ, ನೀರಾರಿದರೆ ಸಾಯುತ್ತದೆ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಹಣ್ಣಿನಿಂದ ತೆಗೆದ ವಾರದೊಳಗೆ ಮರಳು, ಗೊಬ್ಬರ ಬೆರೆಸಿದ ಮಡಿಯಲ್ಲಿ ಉಬ್ಬಿದ ಬೆನ್ನು ಮೇಲೆ ಬರುವಂತೆ ಬಿತ್ತಿ, ಎರಡು ಮೂರು ಸೆಂಟಿಮೀಟರ್ ಆಳ ಸಾಕು. ಚಿಪ್ಪು ತೆಗೆದು ಬಿತ್ತಿದರೆ ಬೇಗ ಮೊಳೆಯುತ್ತದೆ, ಬೇರು ಸೊಟ್ಟಗಾಗುವುದಿಲ್ಲ. ಎರಡು ಮೂರು ವಾರಕ್ಕೆ ತಾಮ್ರದ ಬಣ್ಣದ ಚಿಗುರು ಏಳುತ್ತದೆ.

ಮೊಳೆತು ಹತ್ತು ಹದಿನೈದು ದಿನದ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಸಸಿಯನ್ನು ಗೊರಟಿನ ಸಮೇತ ಎತ್ತಿ ತೊಳೆದು, ಲೀಟರಿಗೆ ಒಂದು ಗ್ರಾಂ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಕದಡಿದ ನೀರಿನಲ್ಲಿ ಐದು ನಿಮಿಷ ಅದ್ದಿ. ಗೊರಟಿನಿಂದ ಆರೇಳು ಸೆಂಟಿಮೀಟರ್ ಮೇಲೆ ಕಾಂಡ ಕತ್ತರಿಸಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ಸೀಳಿ. ಹತ್ತು ಹನ್ನೆರಡು ಸೆಂಟಿಮೀಟರಿನ ಕಡ್ಡಿಯ ಬುಡವನ್ನು ಎರಡೂ ಬದಿಯಿಂದ ಅಷ್ಟೇ ಉದ್ದಕ್ಕೆ ಬೆಣೆಯಾಗಿ ಕೆತ್ತಿ ಸೀಳಿನಲ್ಲಿ ಕೂರಿಸಿ. ಕಡ್ಡಿ ದಪ್ಪವಿದ್ದರೆ ಒಂದು ಬದಿಯ ತೊಗಟೆಯಾದರೂ ಸಸಿಯ ತೊಗಟೆಗೆ ಸರಿಯಾಗಿ ತಾಗಬೇಕು. ನಡುವೆ ಕೂರಿಸಿದರೆ ಎರಡೂ ಕಡೆ ತಪ್ಪಿ ಹಿಡಿಯುವುದಿಲ್ಲ, ಹೊಸಬರ ಕಸಿಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಒಂದೂವರೆ ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಚೀಲದಲ್ಲಿ ನೆಟ್ಟು, ಕಡ್ಡಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ ನೆರಳಿನಲ್ಲಿಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ತೇವದ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಮೂರು ವಾರಕ್ಕೆ ಮೊಗ್ಗು ಒಡೆದಾಗ ಟೊಪ್ಪಿ ತೆಗೆಯಿರಿ. ಪಟ್ಟಿಯನ್ನು ಎರಡು ಮೂರು ತಿಂಗಳ ಮೇಲೆ ಬಿಚ್ಚಲು ಮರೆಯಬೇಡಿ, ಕಾಂಡ ದಪ್ಪವಾದ ಹಾಗೆ ಅದು ಕೊರಳು ಬಿಗಿಯುತ್ತದೆ. ಗಂಟಿನ ಕೆಳಗಿನ ಚಿಗುರನ್ನು ಕಂಡ ಕೂಡಲೇ ಚಿವುಟಿ.

ಕಾಟುಮಾವಿನ ಬೇರಿನ ಮೇಲೆ ಕೂತರೆ ಅಪ್ಪೆಯ ಗುಣ ಕೆಡುವುದಿಲ್ಲವೇ ಎಂಬ ಸಂಶಯ ಬರಬಹುದು. ಬೇರು ನೀರು, ಪೋಷಕಾಂಶ ಕಳಿಸುತ್ತದೆ, ಮರದ ಎತ್ತರ, ಕಸುವಿನ ಮೇಲೆ ಪ್ರಭಾವ ಬೀರುತ್ತದೆ. ಕಡ್ಡಿಯ ಕೋಶಗಳ 40 ವರ್ಣತಂತುಗಳನ್ನು ಅದು ಬದಲಿಸುವುದಿಲ್ಲ. ಹುಟ್ಟುವ ಮಿಡಿ ನಿಮ್ಮ ಅಜ್ಜನ ಮರದ್ದೇ. ಒಂದು ಎಚ್ಚರಿಕೆ ಮಾತ್ರ: ಅಪರೂಪಕ್ಕೆ ಮರದ ಒಂದು ಕೊಂಬೆಯ ಕೋಶದಲ್ಲೇ ವಂಶವಾಹಿ ಬದಲಾಗಿ ಆ ಕೊಂಬೆಯ ಕಾಯಿಯೇ ಬೇರೆಯಾಗುವುದುಂಟು. ಪ್ರಾಣಿಗಳಲ್ಲಿ ಲಿಂಗಾಣುಗಳ ಮೂಲಕೋಶಗಳು ಎಳೆಯ ಭ್ರೂಣದಲ್ಲೇ ಬೇರೆಯಾಗಿ ನಿಲ್ಲುತ್ತವೆ. ಮರದಲ್ಲಿ ಹೂ ಹುಟ್ಟುವುದು ಕೊಂಬೆಯ ತುದಿಯಿಂದಲೇ ಆದ್ದರಿಂದ ಇಂಥ ಬದಲಾವಣೆ ಬೀಜಕ್ಕೂ ಇಳಿಯಬಹುದು. ಆದ್ದರಿಂದ ನೀವು ಮೆಚ್ಚಿದ ಮಿಡಿ ಬಿಡುವ ಕೊಂಬೆಗಳಿಗೆ ಕೊಯ್ಲಿನ ಹೊತ್ತಿನಲ್ಲೇ ಬಣ್ಣದ ದಾರ ಕಟ್ಟಿಟ್ಟುಕೊಂಡು ಅವುಗಳಿಂದಲೇ ಕಡ್ಡಿ ತೆಗೆಯಿರಿ.

ಹತ್ತು ಕಸಿ ಮಾಡಿದರೆ ಹತ್ತೂ ಹಿಡಿಯುತ್ತವೆಂದು ಲೆಕ್ಕ ಹಾಕಬೇಡಿ, ಮೂವತ್ತು ನಲವತ್ತು ಮಾಡಿಸಿ. ಹಿಡಿದವನ್ನೆಲ್ಲ ಒಂದೇ ತೋಟದಲ್ಲಿ ನೆಡದೆ ಹೊಳೆಯಿಂದ ದೂರದ ಎರಡು ಮೂರು ಜಾಗಕ್ಕೆ, ಬೇರೆ ಮನೆಗಳಿಗೂ ಹಂಚಿ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಮಿಡಿ ಕಾಣುತ್ತೀರಿ. ಕಡ್ಡಿಗಳನ್ನು ದೂರ ಕಳಿಸಬೇಕಾದರೆ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ ತಂಪಿನಲ್ಲಿಟ್ಟರೆ ಎರಡು ಮೂರು ದಿನ ಕೆಡುವುದಿಲ್ಲ. ಕಟ್ಟಿನ ಮೇಲೆ ಮರದ ಗುರುತು, ಕೊಂಬೆ, ಕಡ್ಡಿ ತೆಗೆದ ತಾರೀಖು ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದಿಡಿ, ಶಾಯಿ ಒದ್ದೆಯಲ್ಲಿ ಅಳಿಸುತ್ತದೆ.